ಅಮೃತಳ ಭತ್ಯೆಯೂ ಗಂಗುಲಪ್ಪನ ಹಣ್ಣುಹುಳುವೂ

ಸಾದಲಿಯ ಸುತ್ತಿನ ಊರುಗಳಲ್ಲಿ ಇದನ್ನು ಬಲ್ಲವರು ಬಹಳ ಮಂದಿ. ನಡೆದದ್ದು ಗುರುವಾರವೆಂದು ಕೆಲವರು, ಶುಕ್ರವಾರವೆಂದು ಕೆಲವರು. ಗಂಗುಲಪ್ಪನ ರೇಷ್ಮೆಹುಳು ಹಣ್ಣಾದ ದಿನವೆಂಬುದರಲ್ಲಿ ಮಾತ್ರ ಎರಡು ಮಾತಿಲ್ಲ.

ಹದಿನೇಳರ ಅಮೃತ ಚಿಕ್ಕಬಳ್ಳಾಪುರದ ಒಂದು ಸೇವಾಸಂಸ್ಥೆಯಲ್ಲಿ, ಪಂಪಿನ ಮೋಟಾರಿಗೆ ತಂತಿ ಸುತ್ತುವ ತರಬೇತಿಗೆ ಹೆಸರು ಬರೆಸಿ ಐದು ತಿಂಗಳಾಗಿತ್ತು. ಸೀಟು ಸಿಗುವವರೆಗೆ, ಕೆಲಸವಿಲ್ಲದ ಬಡಮಕ್ಕಳಿಗೆಂದು ಸಂಸ್ಥೆ ತಿಂಗಳಿಗಿಷ್ಟು ಸಂಕಷ್ಟ ಭತ್ಯೆ ಕೊಡುತ್ತಿತ್ತು. ಷರತ್ತು ಒಂದೇ: ಎಲ್ಲಿಯೂ ದುಡಿಯುತ್ತಿರಬಾರದು. ದುಡಿಯುವುದು ಕಂಡರೆ ಭತ್ಯೆಯೂ ಹೋಯಿತು, ಸೀಟಿನ ಸರದಿಯೂ ಹೋಯಿತು. ಅಮೃತಳ ಮುಂದೆ ಇನ್ನು ಇಬ್ಬರೇ ಉಳಿದಿದ್ದರು.

ಪರಿಶೀಲನೆಗೆಂದು ಸಂಸ್ಥೆಯ ಭಾನುಪ್ರಕಾಶ್ ಬೈಕಿನಿಂದ ಇಳಿದಾಗ ಜಗಲಿಯಲ್ಲಿದ್ದವಳು ಅಜ್ಜಿ ಅನಸೂಯಮ್ಮ.

“ನಿಮ್ಮ ಮೊಮ್ಮಗಳು ಖಾಲಿ ಕೂತಿದ್ದಾಳೇನಮ್ಮ?”

ಅಜ್ಜಿಗೆ ಮೈಯೆಲ್ಲ ಉರಿಯಿತು. ಆ ಸೀಮೆಯಲ್ಲಿ ಬೆಳೆದ ಮಗುವನ್ನು ಸೋಮಾರಿ ಎಂದರೆ ಮನೆಯನ್ನೇ ಬೈದಂತೆ. “ಖಾಲಿ ಕೂರೋಕೆ ಅವಳಿಗೇನಾಗಿದೆ ಸಾರ್? ಬೆಳಗ್ಗೆ ಐದಕ್ಕೆ ಪಕ್ಕದ್ಮನೆ ಗಂಗುಲಪ್ಪನ ಹುಳದ ಮನೇಲಿ ಬಗ್ಗಿದೋಳು ಇನ್ನೂ ಸೊಂಟ ಎತ್ತಿಲ್ಲ. ಬನ್ನಿ, ತೋರಿಸ್ತೀನಿ.”

ತೋರಿಸಿಯೂ ಬಿಟ್ಟಳು.

ಬಾಗಿಲಲ್ಲಿ ಕಡತ ಹಿಡಿದು ನಿಂತವನು ಸಂಸ್ಥೆಯವನೆಂದು ಅಮೃತಳಿಗೆ ಕಂಡೊಡನೆ ತಿಳಿಯಿತು. ಪಕ್ಕದಲ್ಲಿ ಬೀಗುತ್ತಿದ್ದ ಅಜ್ಜಿಯ ಮುಖ ನೋಡಿ ಉಳಿದದ್ದೂ ಅರ್ಥವಾಯಿತು. ಕೈ ನಿಲ್ಲಿಸೋಣವೆಂದರೆ ಹಣ್ಣಾದ ಹುಳು ಯಾರ ಷರತ್ತನ್ನೂ ಕೇಳುವುದಿಲ್ಲ. ಹಳದಿಗೆ ತಿರುಗಿ ತಲೆಯೆತ್ತಿದ್ದನ್ನು ಒಡನೆ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಡ್ಡಿಯಲ್ಲೇ ಗೂಡು ಕಟ್ಟಿ ಕೆಡುತ್ತದೆ.

“ಇದು ಕೆಲಸ ಅಲ್ವೇನಮ್ಮ?” ಎಂದ ಭಾನುಪ್ರಕಾಶ್.

“ಮುಯ್ಯಾಳು ಸಾರ್,” ಎಂದಳು ಅಮೃತ, ಆರಿಸುತ್ತಲೇ. “ನಮ್ಮನೆ ಹೆಂಚು ಹೊದಿಸ್ದಾಗ ಇವರು ಬಂದಿದ್ರು, ಈಗ ನಾವು ಬಂದಿದೀವಿ. ಕೂಲಿ ಗೀಲಿ ಇಲ್ಲ.”

“ಹಾಗಂತ ಎಲ್ಲರೂ ಹೇಳ್ತಾರೆ. ನಾನು ನಂಬೋದು ಹೇಗೆ?”

ಗಂಗುಲಪ್ಪನಿಗೆ ನಂಬಿಸುವ ಪುರಸೊತ್ತಿರಲಿಲ್ಲ. “ಆ ಕಡತ ಗೂಟಕ್ಕೆ ಹಾಕಿ ಇದನ್ನ ಹಿಡ್ಕೊಳ್ಳಿ ಸಾರ್, ಹುಳ ಆಗ್ಲೇ ನೂಲು ಬಿಡ್ತಾವೆ,” ಎಂದು ಚಂದ್ರಿಕೆಯ ಒಂದು ಅಂಚನ್ನು ಅವನ ಕೈಗಿತ್ತ. ಭಾನುಪ್ರಕಾಶ್ ಹಿಡಿದುಕೊಂಡ. ಹಿಡಿದವನು ಸುಮ್ಮನಿರಲಾರದೆ ಆರಿಸಲೂ ತೊಡಗಿದ.

“ಅದು ಕಾಯಿ ಸಾರ್, ಬಿಡಿ. ತಲೆ ಆಡಿಸ್ತಿದೆ ನೋಡಿ, ಅದು ಹಣ್ಣು,” ಎಂದಳು ಅಮೃತ.

“ಎಲ್ಲಾ ಒಂದೇ ಥರ ಇವೆಯಲ್ಲಮ್ಮ.”

“ಕಚೇರಿ ಕಣ್ಣು,” ಎಂದಳು ಅನಸೂಯಮ್ಮ. “ನಾಳೆಗೆ ಸರಿಹೋಗ್ತದೆ.”

ಮಧ್ಯಾಹ್ನದ ಹೊತ್ತಿಗೆ ಹುಳದ ತಟ್ಟೆಗಳೆಲ್ಲ ಬರಿದಾದವು. ಎಲ್ಲರೊಂದಿಗೆ ಭಾನುಪ್ರಕಾಶನೂ ಮುದ್ದೆ, ಬಸ್ಸಾರು ಉಂಡು ಕೈ ತೊಳೆಯುತ್ತಿದ್ದಾಗ, ಚೊಂಬಿನಿಂದ ನೀರು ಸುರಿಯುತ್ತಿದ್ದ ಅಮೃತ ಮೆಲ್ಲನೆ ಕೇಳಿದಳು: “ಸಾರ್, ಗಂಗುಲಪ್ಪಣ್ಣ ನಿಮಗೆಷ್ಟು ಕೂಲಿ ಕೊಟ್ರು?”

“ಕೂಲಿ ಎಲ್ಲಿ ಬಂತಮ್ಮ? ಎರಡು ಮುದ್ದೆ ಹಾಕಿದ್ರು, ಅಷ್ಟೇ.”

“ನಂಗೆ ಒಂದೂವರೆ.”

ಅಂಗಳವೆಲ್ಲ ನಕ್ಕಿತು. ಭಾನುಪ್ರಕಾಶ್ ಕಡತ ಬಿಚ್ಚಿ, ಬರೆಯುತ್ತಲೇ ಗಟ್ಟಿಯಾಗಿ ಓದಿದ: “ಉದ್ಯೋಗವಿಲ್ಲ. ನೆರೆಮನೆಯ ಮುಯ್ಯಾಳು. ಕೂಲಿಯಿಲ್ಲದಿರುವುದನ್ನು ಸ್ವತಃ ದುಡಿದು ಪರಿಶೀಲಿಸಿದ್ದೇನೆ. ಭತ್ಯೆ ಮುಂದುವರಿಸಬಹುದು.”

ಅಮೃತಳಿಗೆ ಅಷ್ಟೇ ಸಾಕಿತ್ತು. ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. “ಉದ್ಯೋಗವಿಲ್ಲ ಅಂದ್ರೆ ಓದಿದೋರು ಏನಂದ್ಕೊಳ್ತಾರೆ? ಹುಡುಗಿ ಚುರುಕು ಅಂತ ಒಂದು ಮಾತು ಸೇರಿಸಿ ಸಾರ್.”

“ಅದಕ್ಕೆ ಇದರಲ್ಲಿ ಕಾಲಂ ಇಲ್ಲಮ್ಮ.”

“ಅಂಚಲ್ಲಿ ಅಷ್ಟು ಜಾಗ ಇದೆಯಲ್ಲ? ಹೋದ ತಿಂಗಳು ಮೇಲೂರಲ್ಲೂ ಇವಳು...”

ಆ ವಾಕ್ಯ ಮುಗಿಯುವ ಮೊದಲೇ ಅಮೃತ ಅಜ್ಜಿಯ ರಟ್ಟೆ ಹಿಡಿದು ಮನೆಯ ಕಡೆಗೆ ನಡೆಸಿಕೊಂಡು ಹೊರಟಿದ್ದಳು.