ಎರಡು ಪದರದ ಗಾಜು

ಹಳೆಯ ಕಚೇರಿ ಕಟ್ಟಡಗಳೂ ಇನ್ನು ಮೇಲೆ ವಿದ್ಯುತ್ತನ್ನು ಹಿಡಿತದಲ್ಲಿ ಬಳಸಬೇಕೆಂದು ನಿಯಮ ಬಂತು. ಮಾಲೀಕರು ದೀಪಗಳನ್ನು ಬದಲಿಸಿದರು, ಚಾವಣಿಗೆ ಶಾಖ ತಡೆಯುವ ಹತ್ತಿಯಂಥ ಹೊದಿಕೆ ಹಾಕಿಸಿದರು, ಕೊನೆಗೆ ಕಿಟಕಿಗಳಿಗೆ ಕೈ ಹಾಕಿದರು. ಮೂರನೇ ಮಹಡಿಯಲ್ಲಿ ಗುಮಾಸ್ತನ ಮೇಜಿನ ಪಕ್ಕದ ಮರದ ಕಿಟಕಿ ಕಿತ್ತು, ತೆರೆಯಲು ಬಾರದ ಎರಡು ಪದರದ ಗಾಜು ಕೂರಿಸಿ, ಸುತ್ತ ರಬ್ಬರ್ ಪಟ್ಟಿ ಒತ್ತಿದರು.

“ಇನ್ನು ಎ.ಸಿ. ತಂಪು ಒಂಚೂರೂ ಆಚೆ ಹೋಗಲ್ಲ ಸಾರ್,” ಎಂದ ಗಾಜಿನ ಕೆಲಸದವ. “ಗಲಾಟೆನೂ ಒಳಗೆ ಬರಲ್ಲ. ಆರಾಮಾಗಿ ನಿದ್ದೆ ಹೊಡೀಬಹುದು!”

ಕಚೇರಿಯೆಲ್ಲ ನಕ್ಕಿತು. ಗುಮಾಸ್ತನೂ ಹಲ್ಲು ಬಿಟ್ಟ.

ಆ ಕಿಟಕಿಯಾಚೆ ಒಂದು ಕಿರಿದಾದ ಓಣಿ. ಓಣಿಯಾಚೆ, ಅಷ್ಟೇ ಎತ್ತರದಲ್ಲಿ, ಸರಿಯಾಗಿ ಎದುರಿಗೆ, ಟೈಲರಮ್ಮನ ಅಂಗಡಿಯ ಕಿಟಕಿ. ಹೆಂಡತಿ ತೀರಿಕೊಂಡ ಮೇಲೆ ಗುಮಾಸ್ತನಿಗೆ ಬಾಯ್ತುಂಬ ಮಾತಾಡಲು ಇದ್ದ ಜಾಗ ಅದೊಂದೇ. ಊಟದ ಹೊತ್ತಿಗೆ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, “ಏನ್ರೀ, ಇವತ್ತೂ ಬರೀ ಬ್ರೆಡ್ಡಾ?” ಎಂದು ಕೂಗುತ್ತಿದ್ದಳು. ಅಳತೆ ಕೊಟ್ಟ ತಿಂಗಳಲ್ಲೇ ಊದಿಕೊಂಡು, ಬಟ್ಟೆ ಬಿಗಿಯಾಯಿತೆಂದು ಜಗಳಕ್ಕೆ ಬರುವ ಗಿರಾಕಿಗಳ ಕತೆ ಹೇಳುತ್ತಿದ್ದಳು. ತನ್ನ ಮಗಳು ಫೋನ್ ಮಾಡಿದರೆ ಗುಮಾಸ್ತ ಅದನ್ನು ಹೇಳುತ್ತಿದ್ದ, ಮಾಡದಿದ್ದರೂ ಹೇಳುತ್ತಿದ್ದ. ಅಷ್ಟು ವರ್ಷಗಳ ಹರಟೆಯಲ್ಲಿ ಇಬ್ಬರೂ ಒಮ್ಮೆಯೂ ಒಂದೇ ನೆಲದ ಮೇಲೆ ನಿಂತವರಲ್ಲ.

ಗಾಜು ಬಂದ ಮೇಲೆ ಕಚೇರಿ ತಣ್ಣಗಾಯಿತು, ಸದ್ದಡಗಿತು. ಊಟದ ಹೊತ್ತಿಗೆ ಗುಮಾಸ್ತ ಬ್ರೆಡ್ಡು ಕೈಯಲ್ಲಿ ಹಿಡಿದು ಗಾಜಿನಾಚೆ ನೋಡುತ್ತ ಕೂರತೊಡಗಿದ. ಒಂದು ಮಧ್ಯಾಹ್ನ ತಡೆಯಲಾರದೆ ಮೆಟ್ಟಿಲಿಳಿದು, ಓಣಿ ದಾಟಿ, ಆಕೆಯ ಅಂಗಡಿಗೆ ಹತ್ತಿಹೋದ.

ಟೈಲರಮ್ಮ ಗಾಬರಿಯಿಂದ ಎದ್ದಳು; ಮಡಿಲಿನ ಬಟ್ಟೆ ಜಾರಿ ಬಿತ್ತು. “ಅಯ್ಯೋ, ನೀವಾ! ಬನ್ನಿ, ಕೂತ್ಕೊಳ್ಳಿ.”

ಕೂತ. ದೂರದಿಂದ ಕಾಣದಿದ್ದ ನರೆ ಆಕೆಯ ಕಿವಿಯ ಬಳಿ ಕಂಡಿತು. ಆಕೆ ಇವನ ಸವೆದ ಕಾಲರ್ ನೋಡಿ ಕಣ್ಣು ತಗ್ಗಿಸಿದಳು. ಕೂಗಿ ಆಡುತ್ತಿದ್ದ ಮಾತುಗಳನ್ನು ಮೆಲ್ಲಗೆ ಆಡುವುದು ಹೇಗೆಂದು ಇಬ್ಬರಿಗೂ ತೋಚಲಿಲ್ಲ.

“ಏನಾದ್ರೂ ಹೊಲಿಸ್ಬೇಕಿತ್ತಾ?” ಎಂದಳು ಕೊನೆಗೆ.

ಅವನ ಮುಖ ಸಪ್ಪಗಾಯಿತು. “ಹೂಂ... ಒಂದು ಶರಟು.”

ಆಕೆ ಟೇಪು ತೆಗೆದಳು. ಎದೆಯ ಅಳತೆಗೆ ಅವನ ಸುತ್ತ ತೋಳು ಬಳಸಬೇಕಾದಾಗ ಇಬ್ಬರೂ ಉಸಿರು ಬಿಗಿಹಿಡಿದರು. “ಬಟ್ಟೆ ತಂದ್ಕೊಡಿ, ಹೊಲಿದಿಡ್ತೀನಿ,” ಎಂದಳು, ಯಾವುದೋ ಗಿರಾಕಿಗೆ ಹೇಳುವಂತೆ.

ಬಟ್ಟೆ ಕೊಳ್ಳಲು ಅವನು ಹೋಗಲೇ ಇಲ್ಲ. ಅಷ್ಟರಲ್ಲಿ ಆಕೆಯ ಕಟ್ಟಡಕ್ಕೂ ಕೆಲಸದವರು ಬಂದು, ಬಿಸಿಲು ತಡೆಯುವ ಕಪ್ಪು ಗಾಜು ಹಾಕಿಹೋದರು. ಆಕೆ ಕೂತಿದ್ದಾಳೋ ಎದ್ದಿದ್ದಾಳೋ ತಿಳಿಯುವಂತಿರಲಿಲ್ಲ. ಮೆಟ್ಟಿಲಿಳಿದು ಓಣಿ ದಾಟಿದರೆ ಅಂಗಡಿ ಅಲ್ಲೇ ಇತ್ತು. ಅವನು ಹೋಗಲಿಲ್ಲ, ಆಕೆಯೂ ಬರಲಿಲ್ಲ.