ಮೂಡಲ ಮೋಡ

ಚಟ್ಟದ ಹಗ್ಗಕ್ಕೆ ಕೊನೆಯ ಗಂಟು ಹಾಕುತ್ತಿದ್ದ ನೆರೆಯ ಶಂಕರಪ್ಪ ಕೈ ತಡೆದು ತಲೆಯೆತ್ತಿದರು. ಮಯೂರ್ ವಿಹಾರದ ಆ ಸೊಸೈಟಿಯ ಅಂಗಳದಲ್ಲಿ ಈಗಷ್ಟೇ ಚುರುಗುಟ್ಟುತ್ತಿದ್ದ ಬಿಸಿಲು ಆರಿಹೋಗಿತ್ತು. ಫಾಲ್ಗುಣದ ದೆಹಲಿಯೇ ಹಾಗೆ. ಬೆಳಗ್ಗೆ ಸ್ವೆಟರು, ಮಧ್ಯಾಹ್ನ ಫ್ಯಾನು, ಸಂಜೆಯದನ್ನು ದೇವರೇ ಬಲ್ಲ.

ಲೀಲಮ್ಮ ಹಸಿರು ಸೀರೆಯುಟ್ಟು, ಹಣೆತುಂಬ ಕುಂಕುಮ ಹೊತ್ತು ಮಲಗಿದ್ದರು. ಗಂಡ ಚಂದ್ರಮೋಹನ ಅವರ ತಲೆಯ ಬಳಿ ನಿಂತು ಮೋಡವನ್ನೇ ನೋಡುತ್ತಿದ್ದರು.

ಒಬ್ಬಳೇ ಮಗಳು ಹರಿಣಿ ರೂರ್ಕಿಯಲ್ಲಿ ಓದುತ್ತಿದ್ದಳು. ಬಸ್ಸು ಮೋದಿನಗರದ ಜಾಮಿನಲ್ಲಿ ಸಿಕ್ಕಿಕೊಂಡಿದೆ, ಅಮ್ಮನ ಮುಖ ನಾನು ನೋಡುವವರೆಗೆ ಎತ್ತಬೇಡಿ ಎಂದು ಪಕ್ಕದವರ ಮೊಬೈಲಿನಿಂದ ಅತ್ತಿದ್ದಳು. ಕಾಯುತ್ತೇನೆಂದು ಚಂದ್ರಮೋಹನ ಮಾತು ಕೊಟ್ಟಿದ್ದರು.

ಆದರೆ ಸ್ಮಶಾನಕ್ಕೆ ಹೋಗಿಬಂದ ಪುರೋಹಿತರು ಬೇರೆ ಸುದ್ದಿ ತಂದಿದ್ದರು. ಮಾಡಿನ ಕೆಳಗಿನ ಕಟ್ಟೆಗಳೆಲ್ಲ ಭರ್ತಿ, ಉಳಿದಿರುವುದು ಬಯಲಿನ ಕಟ್ಟೆಯೊಂದೇ. ನಡುವೆ ಮಳೆ ಹಿಡಿದರೆ ಅರೆಬೆಂದ ದೇಹವನ್ನು ನೋಡುತ್ತ ಕೂರಬೇಕಾದೀತು ಎಂದು ದನಿ ತಗ್ಗಿಸಿ ಹೇಳಿದ್ದರು.

"ಮೋಡ ಯಾವ ಕಡೆಯಿಂದ ಎದ್ದಿದೆ?" ಚಂದ್ರಮೋಹನ ಕೇಳಿದರು.

"ಘಾಜಿಪುರದ ಕಡೆಯಿಂದ. ಮೂಡಲಿಂದ," ಎಂದರು ಶಂಕರಪ್ಪ.

ಪಕ್ಕದ ಮನೆಯ ಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಲೀಲಮ್ಮ ಇದ್ದಿದ್ರೆ ಇಷ್ಟೊತ್ತಿಗೆ ತಾರಸಿಗೆ ಓಡಿರೋರು. ಅವ್ರು ಸಂಡಿಗೆ ಎತ್ಕೊಂಡು ಇಳಿದ್ರೆ ನಾವು ಬಟ್ಟೆ ಒಣಗಿಸೋಕೆ ಹತ್ತುತಿದ್ವಿ."

ನೆರೆದವರಲ್ಲಿ ಇಬ್ಬರು ಮೂವರು ಅಳುವಿನ ನಡುವೆಯೇ ನಕ್ಕರು. ಚಂದ್ರಮೋಹನ ನಗಲಿಲ್ಲ.

*

ಲೀಲಮ್ಮ ಹಿರಿಯೂರು ಕಡೆಯ ಹಳ್ಳಿಯವರು. ಅಲ್ಲಿ ಮೂಡಲ ಕಡೆ ಮೋಡ ಕಟ್ಟಿತೆಂದರೆ ಅಂಗಳದ ರಾಗಿ ಒಳಗೆ ಬರಬೇಕು. ಪಡುವಲ ಮೋಡ ಬರೀ ಗಾಳಿ. ಅಜ್ಜಿ ಕಲಿಸಿದ ಆ ವಿದ್ಯೆಯನ್ನು ಮದುವೆಯ ಸೀರೆಗಳ ಜೊತೆ ಮಡಿಸಿ ದೆಹಲಿಗೆ ತಂದಿದ್ದರು. ಇಲ್ಲಿಯೋ, ಹೋಳಿಯ ಹೊತ್ತಿನ ಮಳೆ ಪಡುವಲಿಂದಲೇ ಬರುತ್ತದೆ. ಮೂಡಲ ಮೋಡಕ್ಕೆ ಹೆದರಿ ಎತ್ತಿಟ್ಟ ಸಂಡಿಗೆ ಒಳಗೇ ಮುಗ್ಗಿದವು. ಪಡುವಲ ಮೋಡವನ್ನು ನಂಬಿ ಬಿಟ್ಟವು ಆಲಿಕಲ್ಲಿಗೆ ಪುಡಿಯಾದವು. ಇದು ನಿಮ್ಮೂರಿನ ಆಕಾಶ ಅಲ್ಲ ಕಣೆ ಎಂದು ಗಂಡ ಆಡಿಕೊಂಡರೆ, ದೇವರ ಆಕಾಶಕ್ಕೆ ಊರು ಯಾವುದು ಎನ್ನುತ್ತಿದ್ದರು. ಕಚೇರಿಗೆ ಹೊರಟ ಗಂಡನ ಕೈಗೆ ಕೊಡೆ ಕೊಡುತ್ತಿದ್ದರು. ಅದನ್ನು ಅವರು ಬಾಗಿಲ ಹಿಂದೆ ಇಟ್ಟು ಹೋಗುತ್ತಿದ್ದರು.

ಮೊನ್ನೆ ಆಸ್ಪತ್ರೆಯ ಕಿಟಕಿಯಾಚೆ ಬೆರಳು ತೋರಿಸಿ, ಮಳೆ ಬರುತ್ತೆ, ಬೇಗ ಮನೆ ಸೇರಿಕೊಳ್ಳಿ ಎಂದಿದ್ದರು.

"ಅಚ್ಛಾ, ಶುರುವಾಯ್ತಾ ನಿನ್ನ ಹವಾಮಾನ ವರದಿ?" ಚಂದ್ರಮೋಹನ ನಕ್ಕಿದ್ದರು.

"ಇಷ್ಟು ವರ್ಷದಲ್ಲಿ ಒಂದು ಸಲ ನನ್ನ ಮಾತು ಕೇಳಿದ್ದೀರೇನ್ರೀ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದವರು ಮತ್ತೆ ಮಾತಾಡಲಿಲ್ಲ.

*

"ಎತ್ತಿ," ಎಂದರು ಚಂದ್ರಮೋಹನ.

ಶಾಂತಮ್ಮ ಅವರ ತೋಳು ಹಿಡಿದರು. "ಮಗು ದಾರೀಲಿದೆ ಚಂದ್ರಣ್ಣ. ಇನ್ನೊಂದು ಗಳಿಗೆ ತಡೀರಿ. ಮೂಡಲ ಮೋಡಕ್ಕೆ ಇಲ್ಲಿ ಯಾವತ್ತು ಮಳೆ ಬಂದಿದೆ?"

"ಬರುತ್ತೆ. ಇವಳು ನೆನೀಬಾರದು. ಇವತ್ತಾದ್ರೂ ಇವಳ ಮಾತು ನಡೀಲಿ."

ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು.

ಬಯಲಿನ ಕಟ್ಟೆಯ ಮೇಲೆ ಅವಸರದಲ್ಲಿ ಸೌದೆ ಒಟ್ಟಿದರು. ಮುಖ ಮುಚ್ಚುವ ಮುನ್ನ ಪುರೋಹಿತರು, ಮಗಳಿಗಾಗಿ ಕಾಯುವುದಿದೆಯೇ ಎಂದು ಇನ್ನೊಮ್ಮೆ ಕೇಳಿದರು. ಚಂದ್ರಮೋಹನ ಕಪ್ಪಿಟ್ಟ ಆಕಾಶವನ್ನು ನೋಡಿ ಇಲ್ಲವೆಂದು ತಲೆಯಾಡಿಸಿದರು, ಕೊಳ್ಳಿಯಿಟ್ಟರು. ತುಪ್ಪ ಕುಡಿದ ಸೌದೆ ತಡಮಾಡಲಿಲ್ಲ.

ಅವರು ಮೊದಲ ಹನಿಗಾಗಿ ಕಾದರು. ಈಗ ಬೀಳುತ್ತದೆ, ಈಗ ಬೀಳುತ್ತದೆ, ಅವಳ ಮಾತು ಸುಳ್ಳಾಗದಿರಲಿ ಎಂದು ಮನಸ್ಸಿನಲ್ಲೇ ಪ್ರಾರ್ಥಿಸಿದರು. ಯಮುನೆಯ ಕಡೆಯಿಂದ ಗಾಳಿ ಬೀಸಿತು. ಮೋಡ ಹಳೆಯ ಬಟ್ಟೆಯಂತೆ ಪಿಸಿದು, ಎಳೆಎಳೆಯಾಗಿ ಚದುರಿ, ಎಲ್ಲಿಯೂ ಇಲ್ಲದಂತಾಯಿತು. ಹೊಳೆಯುವ ಬಿಸಿಲು ಬಿತ್ತು. ಶಂಕರಪ್ಪ ಬೇರೆ ಕಡೆ ಮುಖ ತಿರುಗಿಸಿದರು.

ಆಗ ಹೆಗಲಿಗೆ ಚೀಲ ನೇತುಹಾಕಿಕೊಂಡು ಹರಿಣಿ ಸ್ಮಶಾನದ ಗೇಟಿನಿಂದ ಓಡಿ ಬಂದಳು. ಹೆಣ್ಣುಮಕ್ಕಳು ಬರಬಾರದ ಜಾಗವೆಂದು ಅವಳನ್ನು ಯಾರೂ ತಡೆಯಲಿಲ್ಲ. ಉರಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಪಪ್ಪಾ, ಕಾಯ್ತೀನಿ ಅಂದಿದ್ರಲ್ಲ."

"ಮಳೆ ಬರುತ್ತೆ ಅಂತ..."

"ಕಹಾಂ ಹೈ ಬಾರಿಶ್? ಎಲ್ಲಿದೆ ಮಳೆ?"

ಚಂದ್ರಮೋಹನ ತಲೆಯೆತ್ತಿ ಮೂಡಲ ಕಡೆ ನೋಡಿದರು.

ಹರಿಣಿ ಚಿತೆಯ ತಲೆಯ ಕಡೆಗೆ ನಡೆದಳು. ಶಾಖ ತಡೆದುಕೊಳ್ಳಬಹುದಾದಷ್ಟು ದೂರದಲ್ಲಿ ಶಂಕರಪ್ಪ ಅವಳ ಭುಜ ಹಿಡಿದು ನಿಲ್ಲಿಸಿದರು. ಮುಖವಿರಬೇಕಾದಲ್ಲಿ ಬರೀ ಉರಿಯಿತ್ತು. ಅವಳು ಎರಡೂ ಅಂಗೈ ಚಾಚಿ, ಗುಡಿಯಲ್ಲಿ ಮಂಗಳಾರತಿ ತೆಗೆದುಕೊಳ್ಳುವ ಹಾಗೆ ಆ ಬಿಸಿಯನ್ನು ತಂದು ಕಣ್ಣಿಗೆ ಒತ್ತಿಕೊಂಡಳು. ಮತ್ತೆ ಚಾಚಿದಳು, ಮತ್ತೆ ಒತ್ತಿಕೊಂಡಳು.