ನೂರಕ್ಕೆ ನೂರು

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಒಂದು ಹಳೇ ಮನೆಗಾಡಿ ಕೊಂಡರು. ಒಳಗೆ ಎರಡು ಹಾಸಿಗೆ, ಸಿಂಕು, ಪುಟ್ಟ ಫ್ರಿಜ್ಜು, ಇವಕ್ಕೆಲ್ಲ ಕರೆಂಟು ಕೊಡಲು ಸೀಟಿನ ಕೆಳಗೊಂದು ದಪ್ಪನೆಯ ಬ್ಯಾಟರಿ; ಇಂಜಿನ್ನಿನದು ಬೇರೆ. ಊರೂರು ಸುತ್ತೋಣ ಅಂತ ಕೊಂಡ ಗಾಡಿ. ಸುತ್ತಿದ್ದು ಅವರೊಬ್ಬರೇ, ಅದೂ ಬ್ಯಾಟರಿಯ ಸುತ್ತ.

ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಹೋಗಿ ಅದರ ಮೈ ಒರೆಸುತ್ತಿದ್ದರು. ವೈರು ಸಿಕ್ಕಿಸುವ ತುದಿಗಳಿಗೆ ವ್ಯಾಸಲೀನ್ ಸವರುತ್ತಿದ್ದರು. ನನ್ನ ಹಿಮ್ಮಡಿ ಒಡೆದು ರಕ್ತ ಬಂದರೂ ಆ ಡಬ್ಬಿ ಮಾತ್ರ ನನ್ನ ಕೈಗೆ ಸಿಗಲಿಲ್ಲ. ಹಳೇ ಚಾರ್ಜರಂತೂ ವರ್ಷವಿಡೀ ಆನ್. ಬಿಳಿ ಕ್ಯಾನಿನಿಂದ ಬ್ಯಾಟರಿಗೆ ನೀರು ಹುಯ್ಯುವಾಗ ಅವರ ಮುಖ ನೋಡಬೇಕಿತ್ತು.

"ನೋಡೇ, ಗಟಗಟ ಕುಡೀತಿದೆ! ಆರೋಗ್ಯವಾಗಿದೆ ಅಂತ ಅರ್ಥ."

ಗಾಡಿಯೊಳಗೆ ದೀಪ ಹಾಕುವಂತಿಲ್ಲ, ಫ್ಯಾನು ತಿರುಗಿಸುವಂತಿಲ್ಲ. ಚಾರ್ಜು ಎಷ್ಟಿದೆ ಅಂತ ಹೇಳುವ ಪುಟ್ಟ ಪರದೆಯೊಂದು ಗೋಡೆಯಲ್ಲಿತ್ತು. ಅದು ಸದಾ ನೂರು ತೋರಿಸಬೇಕು. ತೊಂಬತ್ತೊಂಬತ್ತಾದರೆ ಇವರಿಗೆ ಅನ್ನ ಸೇರುತ್ತಿರಲಿಲ್ಲ.

ಇದನ್ನೆಲ್ಲ ನಾನು ಸಹಿಸಿಕೊಂಡಿದ್ದು ನನ್ನ ಅಕ್ಕನಿಗಾಗಿ. ಅವಳಿಗೆ ಶ್ವಾಸಕೋಶದ ಕಾಯಿಲೆ. ಮೂಗಿಗೆ ನಳಿಗೆ, ಪಕ್ಕದಲ್ಲಿ ಆಕ್ಸಿಜನ್ ಮೆಷಿನ್, ಅದಕ್ಕೆ ಕರೆಂಟು. ಹಾಗಾಗಿ ಬಸ್ಸು, ರೈಲು ಆಗದ ಮಾತು. ಒಂದೇ ಒಂದು ಸಲ ಸಮುದ್ರದಲ್ಲಿ ಕಾಲು ನೆನೆಸಬೇಕು ಅನ್ನುವುದು ಅವಳ ಆಸೆ. ಗಾಡಿ ಬಂದ ಹೊಸತರಲ್ಲಿ ಅವಳು ನಳಿಗೆ ತೆಗೆದಿಟ್ಟು ಬೀದಿ ಕೊನೆಯವರೆಗೆ ನಡೆದು ಬರುತ್ತಿದ್ದಳು. ಸಮುದ್ರಕ್ಕೆ ಹೋಗೋಣ ಅಂತ ಇವರನ್ನು ಆಗಲೇ ಕೇಳಿದೆ. ಬ್ಯಾಟರಿ ಇನ್ನೂ ಹದಕ್ಕೆ ಬರಲಿ ಎಂದರು. ಆಮೇಲೆ ಚಳಿಗೆ ಅದು ಸೊರಗುತ್ತದೆ ಎಂದರು, ಸೆಕೆಗೆ ಬಳಲುತ್ತದೆ ಎಂದರು. ಅಷ್ಟರಲ್ಲಿ ಅಕ್ಕನಿಗೆ ಮಂಚದಿಂದ ಬಚ್ಚಲಿಗೆ ಹೋಗುವುದೇ ದೊಡ್ಡ ಪ್ರಯಾಣವಾಯಿತು.

ಕೊನೆಗೆ ನನ್ನ ತಲೆ ಕೆಟ್ಟಿತು. "ಗಾಡಿ ತೆಗೀತೀರೋ, ಇಲ್ಲಾ ಆ ಬ್ಯಾಟರಿ ಜೊತೆಗೇ ಸಂಸಾರ ಮಾಡ್ತೀರೋ?" ಎಂದೆ. ಪಾಪ, ಸ್ವಲ್ಪ ಹೊತ್ತು ಯೋಚಿಸಿಯೇ ಕೀ ತೆಗೆದುಕೊಂಡರು.

ಸಮುದ್ರದ ದಾರಿಯುದ್ದಕ್ಕೂ ಅಕ್ಕನ ಮೆಷಿನ್ ಚೆನ್ನಾಗಿ ಓಡಿತು. "ನೋಡಿದ್ರಾ ಅತ್ತಿಗೆ, ನಮ್ಮ ಬ್ಯಾಟರಿ ತಾಕತ್ತು!" ಎಂದು ಇವರು ಉಬ್ಬಿಹೋದರು. ಮರಳಿನ ಅಂಚಿಗೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿದರು. ನಾನು ಬಾಗಿಲು ತೆರೆದೆ. ಅಕ್ಕ ಸಮುದ್ರದ ಕಡೆ ಕತ್ತು ತಿರುಗಿಸುವಷ್ಟರಲ್ಲಿ ಮೆಷಿನ್ ಕೀಂ ಎಂದು ಕಿರುಚಿ ನಿಂತುಹೋಯಿತು.

ಯಜಮಾನರು ಪರದೆ ನೋಡಿದರು. "ನೂರಿದೆ! ಮೆಷಿನ್ನೇ ಸರಿಯಿಲ್ಲ."

"ರೀ, ಅಕ್ಕನ ತುಟಿ ನೀಲಿ ಆಗ್ತಿದೆ!"

"ಆದ್ರೆ ನೂರಿದೆಯಲ್ಲೇ..."

ಅವರನ್ನು ಪಕ್ಕಕ್ಕೆ ತಳ್ಳಿ ಹೋಗಿ ಇಂಜಿನ್ ಶುರು ಮಾಡಿದೆ. ಮೆಷಿನ್‌ಗೆ ಜೀವ ಬಂತು. ಅಕ್ಕನಿಗೂ ಬಂತು.

ದಾರಿಯಲ್ಲಿ ಮೆಷಿನ್ ಓಡಿಸಿದ್ದು ಇಂಜಿನ್ನು, ಹೊಗಳಿಸಿಕೊಂಡಿದ್ದು ಬ್ಯಾಟರಿ. ಅದು ಚಾರ್ಜರಿನ ಬಾಯಲ್ಲಿ ಹಗಲೂ ರಾತ್ರಿ ಬೆಂದು ಒಳಗೊಳಗೇ ಯಾವತ್ತೋ ಸತ್ತಿತ್ತು. ಗಟಗಟ ಕುಡಿದ ನೀರೆಲ್ಲ ಕುದ್ದು ಆವಿಯಾಗಿತ್ತು. ಪರದೆಯದೇನು ತಪ್ಪು? ಎಷ್ಟು ಖರ್ಚಾಯಿತು ಅಂತ ಎಣಿಸುವುದಷ್ಟೇ ಅದರ ಕೆಲಸ. ನಮ್ಮ ಮನೆಯಲ್ಲಿ ಖರ್ಚೇ ಆಗಿರಲಿಲ್ಲ, ಆದ್ದರಿಂದ ನೂರು.

ಹಳೇ ಇಂಜಿನ್, ಆಕ್ಸಿಲರೇಟರಿನಿಂದ ಕಾಲೆತ್ತಿದರೆ ನಿಂತುಬಿಡುತ್ತದೆ. ಯಜಮಾನರನ್ನೇ ಅಲ್ಲಿ ಕೂರಿಸಿದೆ. ಗಾಜಿನಾಚೆ ಅವರ ಎದುರಿಗಿದ್ದದ್ದು ಸಾರ್ವಜನಿಕ ಶೌಚಾಲಯದ ಗೋಡೆ. ಅಕ್ಕನನ್ನು ತಬ್ಬಿ ಇಳಿಸಿ, ಬಾಗಿಲ ಬುಡದಲ್ಲೇ ಕುರ್ಚಿ ಹಾಕಿದೆ. ನಳಿಗೆ ಅಲ್ಲಿಯವರೆಗಷ್ಟೇ ಬರುತ್ತಿತ್ತು. ನೀರು ಹತ್ತಿರದಲ್ಲೇ ಇತ್ತು, ಅವಳ ಕಾಲಿಗೆ ಮಾತ್ರ ದೂರ.

"ಆವಾಗ್ಲೇ ಬಂದಿದ್ರೆ ನಾನೇ ನಡ್ಕೊಂಡು ಹೋಗ್ತಿದ್ದೆ, ಅಲ್ವೇನೇ?" ಎಂದಳು ಅಕ್ಕ. ದೂರಲಿಲ್ಲ, ಸುಮ್ಮನೆ ಕೇಳಿದಳು. ದೂರಿದ್ದರೆ ತಡೆದುಕೊಳ್ಳಬಹುದಿತ್ತು.

ಒಳಗೆ ಹೋಗಿ ಬಿಳಿ ಕ್ಯಾನ್ ಎತ್ತಿಕೊಂಡು ಬಂದು, ಅದರಲ್ಲಿದ್ದ ಬ್ಯಾಟರಿ ನೀರನ್ನು ಮರಳಿಗೆ ಸುರಿದು, ಖಾಲಿ ಕ್ಯಾನು ಹಿಡಿದು ಸಮುದ್ರದ ಕಡೆ ನಡೆದೆ.

"ಏಯ್, ಏನ್ ಮಾಡ್ತಿದ್ದೀಯಾ?" ಕನ್ನಡಿಯಲ್ಲಿ ನೋಡಿ ಯಜಮಾನರು ಕೂಗಿದರು. "ಅದಕ್ಕೆ ಉಪ್ಪುನೀರು ತಾಗಿಸ್ಬೇಡ ಕಣೇ! ಬ್ಯಾಟರಿ ಹಾಳಾಗುತ್ತೆ!"

ಎದ್ದು ಬರುವಂತಿಲ್ಲ, ಕಾಲು ಆಕ್ಸಿಲರೇಟರಿನ ಮೇಲಿದೆ. ನಾನು ಅಲೆಯಲ್ಲಿ ಕ್ಯಾನು ತುಂಬಿ ತಂದು ಅಕ್ಕನ ಊದಿದ ಪಾದಗಳ ಮೇಲೆ ನಿಧಾನವಾಗಿ ಹುಯ್ದೆ. ಅವಳು ಬೆರಳುಗಳನ್ನು ಆಡಿಸಿದಳು. ತಣ್ಣಗಿದೆ ಎಂದು ನಕ್ಕಳು. ಆಮೇಲೆ ಅತ್ತಳು. ನಾನೂ ಅತ್ತೆ.

"ಇನ್ನೊಂದ್ಸಲ ಹುಯ್ಯೇ," ಎಂದಳು.

"ಲೇ," ಒಳಗಿನಿಂದ ಮತ್ತೆ ಕೂಗು ಬಂತು, ಈ ಸಲ ಸಣ್ಣ ದನಿಯಲ್ಲಿ. "ಪರದೆ ಎಷ್ಟು ತೋರಿಸ್ತಿದೆ, ಸ್ವಲ್ಪ ನೋಡೇ."

"ನೂರು ರೀ, ನೂರಕ್ಕೆ ನೂರು," ಎಂದು ಹೇಳಿ ಇನ್ನೊಂದು ಕ್ಯಾನು ತರಲು ಹೊರಟೆ.